ಪುಣ್ಯಕೋಟಿ ಕೇಕು, ಸೆಕೆಂಡ್ ಗೇರು

ಗೆಳತಿ, ನಿಜ ಹೇಳಿ. ನಿಮ್ಮ ಮನೆಯ ಬೀರುವಿನಲ್ಲಿ, ರೇಷ್ಮೆ ಸೀರೆಗಳ ಅಡಿಯಲ್ಲಿ, ಎಲ್‌ಐಸಿ ಪತ್ರಗಳ ಜತೆಗೆ ಒಂದು ಡ್ರೈವಿಂಗ್ ಲೈಸೆನ್ಸ್ ಮಲಗಿದೆಯಾ? ಹುಮ್ಮಸ್ಸಿನಲ್ಲಿ ಕಲಿತು, ಆರ್‌ಟಿಒದಲ್ಲಿ ಪಾಸಾಗಿ, ಅಕ್ಕಪಕ್ಕದವರಿಗೆ ಮೈಸೂರು ಪಾಕು ಹಂಚಿ, ಆಮೇಲೆ ಒಮ್ಮೆಯೂ ಸ್ಟೇರಿಂಗ್ ಮುಟ್ಟದೇ ಎತ್ತಿಟ್ಟ ಲೈಸೆನ್ಸು? ನಾಚಿಕೊಳ್ಳಬೇಡಿ. ನನ್ನದೂ ಆರು ವರ್ಷ ಹಾಗೇ ಮಲಗಿತ್ತು.

ಅದನ್ನು ಎಬ್ಬಿಸಿದ್ದು ಒಂದು ರಾತ್ರಿ. ನಮ್ಮನೆಯವರು ಆಫೀಸ್ ಕೆಲಸದ ಮೇಲೆ ಹುಬ್ಬಳ್ಳಿಗೆ ಹೋಗಿದ್ದರು. ಎರಡೂವರೆ ಗಂಟೆಗೆ ಅತ್ತೆಗೆ ಉಬ್ಬಸ ಜಾಸ್ತಿಯಾಯಿತು. 108ಕ್ಕೆ ಫೋನ್ ಮಾಡಬೇಕು ಅನ್ನೋದೂ ಆ ಗಾಬರಿಯಲ್ಲಿ ಹೊಳೆಯಲಿಲ್ಲ. ಕೆಳಗೆ ಕಾರು ನಿಂತಿದೆ, ಕೀ ಗೋಡೆಯ ಮೊಳೆಯಲ್ಲಿ ನೇತಾಡುತ್ತಿದೆ, ಲೈಸೆನ್ಸ್ ಬೀರುವಿನಲ್ಲಿದೆ. ನಾನು ಮಾತ್ರ ಎದುರು ಮನೆಯ ಬಾಗಿಲು ಬಡಿಯುತ್ತಿದ್ದೆ. ಆ ಮನೆಯ ಅಂಕಲ್ ಪಂಚೆಯಲ್ಲೇ ಬಂದು ನಮ್ಮ ಕಾರು ತೆಗೆದು ಆಸ್ಪತ್ರೆಗೆ ಮುಟ್ಟಿಸಿದರು. ಅತ್ತೆ ಸುಧಾರಿಸಿಕೊಂಡರು. ಆದರೆ ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಅವರ ಬೆನ್ನು ನೀವುತ್ತಾ ಕೂತಿದ್ದ ನನಗೆ ಒಂದೇ ಯೋಚನೆ. ಇವರು ಊರಲ್ಲಿ ಇಲ್ಲದೇ ಇದ್ದಿದ್ದರೆ?

ನೀವು ಕೇಳಬಹುದು, ಆರು ವರ್ಷ ಯಾಕೆ ಓಡಿಸಲಿಲ್ಲ ಅಂತ. ಯಾರೂ ಬೇಡ ಅನ್ನಲಿಲ್ಲ, ದೇವರಾಣೆಗೂ ಇಲ್ಲ. ‘ನಿಂಗ್ಯಾಕೆ ಈ ತಾಪತ್ರಯ, ನಾನಿಲ್ವಾ?’ ಅಂದರು ಅಷ್ಟೇ. ಪ್ರೀತಿಯಿಂದಲೇ ಅಂದಿದ್ದು. ಆದರೆ ಈ ‘ನಾನಿಲ್ವಾ’ ಇದೆಯಲ್ಲ, ಅದನ್ನು ನಂಬಿ ಕೂತರೆ ತರಕಾರಿಗೂ, ತವರಿಗೂ, ಡಾಕ್ಟರ ಹತ್ತಿರಕ್ಕೂ ಇನ್ನೊಬ್ಬರ ಪುರುಸೊತ್ತು ಕಾಯುವುದೇ ರೂಢಿಯಾಗಿಬಿಡುತ್ತದೆ. ಎಷ್ಟು ರೂಢಿ ಅಂದರೆ, ಕಾಯುತ್ತಿದ್ದೇವೆ ಅಂತಲೇ ಅನ್ನಿಸುವುದಿಲ್ಲ.

ನಲವತ್ತೊಂದನೇ ವಯಸ್ಸಿನಲ್ಲಿ ಮತ್ತೆ ಕಲಿಯೋಕೆ ಹೊರಟೆ. ಇಲ್ಲಿ ಒಂದು ಗುಟ್ಟು ಹೇಳಲೇ? ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಮೇಷ್ಟ್ರ ಕಾಲ ಬಳಿಯೂ ಬ್ರೇಕು, ಕ್ಲಚ್ಚು ಇರುತ್ತದೆ. ಅಲ್ಲಿ ನಾವು ‘ಎಷ್ಟು ಚೆನ್ನಾಗಿ ನಿಲ್ಲಿಸಿದೆ!’ ಅಂದುಕೊಂಡ ಎಷ್ಟೋ ಸಲ ನಿಲ್ಲಿಸಿದ್ದು ಅವರು. ಅದಕ್ಕೇ ಪಾಸಾದ ಮಾರನೇ ದಿನ ಸ್ವಂತ ಕಾರಿನಲ್ಲಿ ಕೂತರೆ ಏನೂ ಬಾರದವರ ಹಾಗೆ ಕೈ ನಡುಗುವುದು. ಅದು ದಡ್ಡತನ ಅಲ್ಲ ರೀ. ನಿಜವಾದ ಕಲಿಕೆ ಆ ದಿನ ಶುರುವಾಗುತ್ತದೆ, ನಾವು ಆ ದಿನವೇ ನಿಲ್ಲಿಸುತ್ತೇವೆ. ಸ್ಕೂಲಿಗೆ ಹೋದಾಗ ಮೊದಲೇ ಹೇಳಿ: ‘ಸರ್, ಕೊನೆಯ ನಾಲ್ಕು ಕ್ಲಾಸು ನಮ್ಮ ಕಾರಿನಲ್ಲೇ ಮಾಡಿಸಿ.’

ಇನ್ನು ಗಂಡನ ಹತ್ತಿರ ಕಲಿಯಬಹುದಾ? ಬೇಡ. ಕಡ್ಡಿ ಮುರಿದ ಹಾಗೆ ಹೇಳುತ್ತಿದ್ದೇನೆ, ಬೇಡ. ಜಗತ್ತಿನ ಅತ್ಯಂತ ಶಾಂತ ಗಂಡಸೂ ಪಕ್ಕದ ಸೀಟಿನಲ್ಲಿ ಕೂತರೆ ‘ಬ್ರೇಕು! ಬ್ರೇಕು ಅಂದೆ!’ ಅಂತ ಕೂಗುತ್ತಾನೆ. ಮನೆಗೆ ಬಂದ ಮೇಲೆ ಸಾರಿಗೆ ಉಪ್ಪು ಕಡಿಮೆಯಾದರೂ ಅದೇ ಜಗಳ ಮುಂದುವರಿಯುತ್ತದೆ. ದುಡ್ಡು ಕೊಟ್ಟು ಹೊರಗಿನವರ ಹತ್ತಿರ ಕಲಿಯಿರಿ. ಲೈಸೆನ್ಸ್ ಬಂದ ಮೇಲೆ, ಚೆನ್ನಾಗಿ ಓಡಿಸುವ ಗೆಳತಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.

ಇದೇ ಹೊತ್ತಿಗೆ ಮಗಳ ಏಳನೇ ಹುಟ್ಟುಹಬ್ಬ ಬಂತು. ಶಾಲೆಯಲ್ಲಿ ‘ಗೋವಿನ ಹಾಡು’ ನಾಟಕ ಮಾಡಿದ್ದರು. ಮಹಾರಾಯ್ತಿಗೆ ಪುಣ್ಯಕೋಟಿ ಕೇಕೇ ಬೇಕಂತೆ. ಬೇಕರಿಯ ಆಲ್ಬಂ ತಿರುವಿ ಹಾಕಿದೆ. ಜೇಡ ಮನುಷ್ಯ, ಹಿಮದ ರಾಣಿ, ಇಲಿ, ಕಾರು... ಹಸುವೂ ಇಲ್ಲ, ಹುಲಿಯೂ ಇಲ್ಲ. ‘ಕಸ್ಟಮ್ ಮಾಡ್ಕೊಡ್ತೀವಿ ಮೇಡಂ’ ಅಂದು ಅವರು ಹೇಳಿದ ರೇಟಿಗೆ ಒಂದು ಒಳ್ಳೆ ಕಾಟನ್ ಸೀರೆ ಬರುತ್ತಿತ್ತು. ಸರಿ, ನಾನೇ ಮಾಡ್ತೀನಿ ಅಂದೆ. ಬಾಯಿ ತಪ್ಪಿ ಅಂದಿದ್ದು.

ಮೊದಲ ಹಸು ಹೇಗಿತ್ತು ಅಂತ ಕೇಳಬೇಡಿ. ಅತ್ತೆ ‘ಮೊಲ ಚೆನ್ನಾಗಿದೆ’ ಅಂದರು.

ಆದರೆ ಮಾಡುತ್ತಾ ಹೋದ ಹಾಗೆ ಅನ್ನಿಸಿತು, ಇದೇನು ನಮಗೆ ಹೊಸದಾ? ಸಂಕ್ರಾಂತಿಗೆ ಸಕ್ಕರೆ ಅಚ್ಚಿನಲ್ಲಿ ಆನೆ, ನವಿಲು ಎರೆಯುವವರು ನಾವು. ದಸರೆಯಲ್ಲಿ ಮೆಟ್ಟಿಲು ಕಟ್ಟಿ, ಹಟ್ಟಿ, ಕೆರೆ, ಕಾಡು ಎಲ್ಲ ಜೋಡಿಸಿ ಬೊಂಬೆ ಕೂರಿಸುವವರು. ಕೇಕಿನ ಮೇಲೆ ಕಥೆ ಕೂರಿಸುವುದೂ ಅದೇ ಕೆಲಸ, ಜಾಗ ಮಾತ್ರ ಎಂಟು ಇಂಚು. ಫಾಂಡೆಂಟ್ ಅನ್ನುವ ಸಕ್ಕರೆ ಹಿಟ್ಟು ಹೋಳಿಗೆಯ ಕಣಕದ ತಂಗಿ. ಅದೇ ಮಣೆ, ಅದೇ ಲಟ್ಟಣಿಗೆ, ಅಂಟದ ಹಾಗೆ ಮೇಲಿಷ್ಟು ಕಾರ್ನ್‌ಫ್ಲೋರ್ ಉದುರಿಸಿಕೊಂಡರಾಯಿತು. ಚಕ್ಕುಲಿ ಒತ್ತಿ ಅಭ್ಯಾಸ ಇರುವ ಕೈಗೆ ಕ್ರೀಮಿನ ಕೋನ್ ಹಿಂಡುವುದು ಎರಡು ದಿನದ ಪಾಠ.

ನಾನು ಕೆಡಿಸಿ ಕಲಿತದ್ದನ್ನು ನೀವು ಕೆಡಿಸದೇ ಕಲಿಯಿರಿ. ಇಡೀ ಕಥೆ ಕೇಕಿನ ಮೇಲೆ ತರೋಕೆ ಹೋಗಬೇಡಿ, ಒಂದೇ ಒಂದು ದೃಶ್ಯ ಆರಿಸಿ. ನಾನು ತಾಯಿ–ಕರು ಇಟ್ಟೆ. ಹುಲಿ ಬೆಟ್ಟದಿಂದ ಹಾರುವ ಕಡೆಯ ದೃಶ್ಯ ಹುಟ್ಟುಹಬ್ಬಕ್ಕೆ ಹೇಗೂ ಆಗದು. ಆದರೆ ಮಗಳು ಹುಲಿ ಬೇಕೇ ಬೇಕು ಅಂದಳು. ‘ಅದೂ ಕೇಕ್ ತಿನ್ನಲಿ ಅಮ್ಮಾ, ಪಾಪ, ಹಸಿವಾಗಿದೆ ಅದಕ್ಕೆ.’ ಹಾಗಾಗಿ ನಮ್ಮ ಅರ್ಬುತ ಒಂದು ಅಂಚಿನಲ್ಲಿ ಬಾಳೆಲೆ ಮುಂದಿಟ್ಟುಕೊಂಡು ಕೂತ. ಪ್ರಾಣಿಗಳನ್ನು ಕೂತ ಅಥವಾ ಮಲಗಿದ ಭಂಗಿಯಲ್ಲೇ ಮಾಡಿ. ನಿಂತ ಹಸುವಿನ ಕಾಲು ಹೊಟ್ಟೆಯ ಭಾರಕ್ಕೆ ಕುಸಿಯುತ್ತದೆ. ಕಾಲು ಕೆ.ಜಿ. ಫಾಂಡೆಂಟಿಗೆ ಒಂದು ಟೀ ಚಮಚ ಸಿಎಂಸಿ ಪುಡಿ ಸೇರಿಸಿ ನಾದಿದರೆ ಗೊಂಬೆ ಗಟ್ಟಿಯಾಗಿ ಒಣಗುತ್ತದೆ. ತಲೆ ನಿಲ್ಲಿಸೋಕೆ ಟೂತ್‌ಪಿಕ್ ಚುಚ್ಚಬೇಡಿ, ಮಕ್ಕಳು ಕಚ್ಚಿಬಿಡುತ್ತಾರೆ. ಒಣ ಸ್ಪಾಗೆಟ್ಟಿ ಕಡ್ಡಿ ಸಾಕು. ಬಣ್ಣ ನೀರಿನಂಥದ್ದು ಬೇಡ, ಜೆಲ್ ತನ್ನಿ, ಅದೂ ಚೂರೇ ಚೂರು. ರಾತ್ರಿ ಕಳೆಯುವುದರಲ್ಲಿ ಬಣ್ಣ ತಾನಾಗಿ ಗಾಢವಾಗುತ್ತದೆ. ನನ್ನ ಕೇಸರಿ ಹುಲಿ ಬೆಳಿಗ್ಗೆ ಎದ್ದು ನೋಡಿದರೆ ಟೊಮೆಟೊ ಆಗಿತ್ತು.

ನಮ್ಮ ಹವೆಯೇ ದೊಡ್ಡ ಶತ್ರು. ಮಂಗಳೂರು, ಕಾರವಾರದ ಕಡೆಯವರಿಗೆ ಇದು ಹೇಳಬೇಕಿಲ್ಲ. ಬೆಂಗಳೂರಿನಲ್ಲೂ ಮಳೆಗಾಲದಲ್ಲಿ ಫಾಂಡೆಂಟ್ ಬೆವರುತ್ತದೆ. ವಿಪ್ಡ್ ಕ್ರೀಮಿನ ಮೇಲೆ ಫಾಂಡೆಂಟ್ ಹೊದಿಸಿದರೆ ಆ ತೇವಕ್ಕೆ ಕರಗಿ ಜಾರುತ್ತದೆ. ಕೆಳಗೆ ಗನಾಶ್ ಇರಲಿ: ತೂಕದಲ್ಲಿ ಡಾರ್ಕ್ ಚಾಕೊಲೇಟ್ ಎರಡು ಪಾಲಿಗೆ ಕ್ರೀಮು ಒಂದು ಪಾಲು, ಬಿಳಿ ಚಾಕೊಲೇಟಾದರೆ ಮೂರಕ್ಕೆ ಒಂದು. ಗೊಂಬೆಗಳನ್ನು ಫ್ರಿಜ್ಜಿನಲ್ಲಿ ಇಡಲೇಬೇಡಿ. ಎರಡು ಮೂರು ದಿನ ಮುಂಚೆ ಮಾಡಿ, ರಟ್ಟಿನ ಡಬ್ಬಿಯಲ್ಲಿ ಒಣಗಲು ಬಿಡಿ. ಕೇಕ್ ಹಿಂದಿನ ದಿನ. ಜೋಡಣೆ ಆ ದಿನ.

ಇಷ್ಟೆಲ್ಲ ಯಾರು ಮಾಡ್ತಾರೆ ಅಂತೀರಾ? ಹಾಗಾದರೆ ಗೊಂಬೆಯೇ ಬೇಡ. ‘ಆಸ್ಟ್ರೇಲಿಯನ್ ವಿಮೆನ್ಸ್ ವೀಕ್ಲಿ’ ಪತ್ರಿಕೆ 1980ರಲ್ಲಿ ಮಕ್ಕಳ ಹುಟ್ಟುಹಬ್ಬದ ಕೇಕುಗಳ ಪುಸ್ತಕವೊಂದನ್ನು ತಂದಿತ್ತು. ಅಲ್ಲಿನ ಅಮ್ಮಂದಿರಿಗೆ ಇಂದಿಗೂ ಅದು ಅಚ್ಚುಮೆಚ್ಚು. ಅದರ ಬಾತುಕೋಳಿಯ ಕೊಕ್ಕು ಏನು ಗೊತ್ತಾ? ಆಲೂ ಚಿಪ್ಸು! ತಲೆಯ ಮೇಲೆ ಪಾಪ್‌ಕಾರ್ನು. ಅಂಗಡಿಯಲ್ಲಿ ಸಿಗುವುದನ್ನೇ ಅಂಟಿಸಿ ಮಾಡುವ ಆ ಜಾಣತನ ನಮಗೂ ಬರುತ್ತದೆ. ಗುಂಡಗಿನ ಬಟ್ಟಲಲ್ಲಿ ಬೇಯಿಸಿದ ಚಾಕೊಲೇಟ್ ಕೇಕೇ ಹೂಜಿ, ಪಕ್ಕದಲ್ಲಿ ಸುರಿದ ಜೆಮ್ಸೇ ಕಲ್ಲು, ಬಾಯಾರಿದ ಕಾಗೆಗೆ ಒಂದು ಒರಿಯೋ ಬಿಸ್ಕತ್ತು. ಉದ್ದ ಬ್ರೆಡ್ ಅಚ್ಚಿನ ಕೇಕಿಗೆ ಹಸಿರು ಕ್ರೀಮ್ ಮೆತ್ತಿದರೆ ಪಂಚತಂತ್ರದ ಮೊಸಳೆ. ಕೋತಿ ಬೇಕಿದ್ದರೆ ಕಾಗದದ ಮೇಲೆ ಬರೆದು ಕಡ್ಡಿಗೆ ಅಂಟಿಸಿ, ತಿನ್ನುವ ಮುಂಚೆ ತೆಗೆದಿಡಿ.

ಇನ್ನೊಂದು ಮಾತು. ಆರ್ಡರ್ ತೆಗೆದುಕೊಂಡು ಮಾರುವ ಯೋಚನೆ ಇದ್ದರೆ, ಟೀವಿ ಕಾರ್ಟೂನು ಗೊಂಬೆಗಳಿಗೆ ಹಕ್ಕುದಾರರಿದ್ದಾರೆ. ಅಜ್ಜಿ ಹೇಳಿದ ಕಾಗೆ–ಗುಬ್ಬಿಗೆ ಯಾರ ಅಪ್ಪಣೆಯೂ ಬೇಡ. ಆದರೆ ಮನೆಯಲ್ಲೇ ಮಾಡಿ ಮಾರುವವರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಬೇಕು, ಮರೆಯಬೇಡಿ.

ಸರಿ, ಕೇಕಿಗೂ ಕಾರಿಗೂ ಏನು ಸಂಬಂಧ? ಪಾರ್ಟಿ ಇದ್ದದ್ದು ಬಸವನಗುಡಿಯ ನಾದಿನಿ ಮನೆಯಲ್ಲಿ, ನಾವಿರುವುದು ವಿಜಯನಗರದಲ್ಲಿ. ಐದಾರು ಕಿಲೋಮೀಟರ್. ಮಧ್ಯೆ ಎಷ್ಟು ಹಂಪು, ಎಷ್ಟು ಗುಂಡಿ! ನಮ್ಮನೆಯವರು ಆಫೀಸಿನಿಂದ ನೇರ ಬರುವವರು. ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಹೋದರೆ ಪುಣ್ಯಕೋಟಿ ಉಳಿಯುವುದಿಲ್ಲ.

ಅದಕ್ಕೇ ಒಂದು ತಿಂಗಳು ಮುಂಚಿನಿಂದಲೇ, ಕೆಟ್ಟುಹೋದ ಅಭ್ಯಾಸದ ಕೇಕುಗಳನ್ನು ಡಬ್ಬಿಯಲ್ಲಿಟ್ಟು ಕಾರಿನಲ್ಲಿ ಸುತ್ತಿಸತೊಡಗಿದೆ. ನಗಬೇಡಿ. ಅದಕ್ಕಿಂತ ಒಳ್ಳೆ ಮೇಷ್ಟ್ರು ನನಗೆ ಸಿಗಲಿಲ್ಲ. ಕೂಗುವುದಿಲ್ಲ, ಹಣೆ ಚಚ್ಚಿಕೊಳ್ಳುವುದಿಲ್ಲ. ಮನೆಗೆ ಬಂದು ಮುಚ್ಚಳ ತೆಗೆದರೆ ಎಲ್ಲಿ ತಪ್ಪು ಮಾಡಿದೆ ಅಂತ ತೋರಿಸುತ್ತದೆ. ಕ್ರೀಮು ಮುಂದಕ್ಕೆ ಜಾರಿದ್ದರೆ ಬ್ರೇಕ್ ಗಟ್ಟಿಯಾಗಿ ಒತ್ತಿದ್ದೀರಿ. ಹಿಂದಕ್ಕೆ ಜಾರಿದ್ದರೆ ಕ್ಲಚ್ ದಿಢೀರನೆ ಬಿಟ್ಟಿದ್ದೀರಿ. ಪಕ್ಕಕ್ಕಾದರೆ ತಿರುವಿನಲ್ಲಿ ವೇಗ ಹೆಚ್ಚು. ಬ್ರೇಕನ್ನು ದೂರದಿಂದಲೇ ಮೆಲ್ಲಗೆ ಒತ್ತಿ, ಕಾರು ಇನ್ನೇನು ನಿಲ್ಲಬೇಕು ಅನ್ನುವಾಗ ಕಾಲನ್ನು ಕೂದಲೆಳೆಯಷ್ಟು ಸಡಿಲಿಸಿದರೆ ಆ ಕೊನೆಯ ಜರ್ಕು ಬರುವುದಿಲ್ಲ. ಇದನ್ನು ನನಗೆ ಕಲಿಸಿದ್ದು ಒಂದು ಅನಾನಸ್ ಕೇಕು. ಮುಂದಿನ ಗಾಡಿಯಿಂದ ಸಾಕಷ್ಟು ಅಂತರ ಬಿಡಿ. ಆ ಜಾಗಕ್ಕೆ ಆಟೋ ನುಗ್ಗುತ್ತದೆ. ನುಗ್ಗಲಿ, ಮತ್ತೆ ಅಂತರ ಬಿಡಿ.

ಮೊದಮೊದಲು ಬೆಳಿಗ್ಗೆ ಆರಕ್ಕೇ ಹೋಗಿ, ಬರೀ ಎಡ ತಿರುವುಗಳಲ್ಲೇ ಬಡಾವಣೆ ಸುತ್ತಿ ಬನ್ನಿ. ಎದುರಿನ ಗಾಡಿಗಳಿಗೆ ಅಡ್ಡ ಹೋಗುವ ಗೋಜಿರುವುದಿಲ್ಲ. ಹಂಪಿಗೆ ಮುಂಚೆಯೇ ನಿಧಾನಿಸಿ ಸೆಕೆಂಡ್ ಗೇರಿಗೆ ಇಳಿಯಿರಿ. ಸೀಟು ಮುಂದೆ ಎಳೆದುಕೊಳ್ಳಿ, ಕ್ಲಚ್ ಪೂರ್ತಿ ಒತ್ತಿದಾಗಲೂ ಮಂಡಿ ಸ್ವಲ್ಪ ಮಡಿಸಿರಬೇಕು. ಹೀಲ್ಸ್ ಬೇಡ, ದುಪಟ್ಟಾ ಗಂಟು ಹಾಕಿಕೊಳ್ಳಿ. ಗಾಡಿ ಸಿಗ್ನಲ್ಲಿನಲ್ಲಿ ಆಫ್ ಆಗಿ ಹಿಂದಿನವನು ಹಾರ್ನ್ ಹೊಡೆದರೆ? ಹೊಡ್ಕೊಳ್ಳಲಿ ಬಿಡಿ. ಅವನಿಗೂ ಒಂದು ದಿನ ಆಫ್ ಆಗಿತ್ತು.

ಹಾಗೆ ನೋಡಿದರೆ ಲೋಕದ ಮೊದಲ ದೂರ ಪ್ರಯಾಣದ ಕಾರು ಓಡಿಸಿದ್ದೂ ಒಬ್ಬ ಗೃಹಿಣಿಯೇ. 1888ರ ಆಗಸ್ಟಿನಲ್ಲಿ ಜರ್ಮನಿಯ ಬರ್ತಾ ಬೆಂಜ್, ಗಂಡ ಕಾರ್ಲ್ ಕಟ್ಟಿದ ಮೂರು ಚಕ್ರದ ಮೋಟಾರಿನಲ್ಲಿ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು, ಮ್ಯಾನ್‌ಹೈಮ್‌ನಿಂದ ನೂರು ಕಿ.ಮೀ.ಗೂ ಹೆಚ್ಚು ದೂರದ ತವರಿಗೆ ಹೋದಳು. ಗಂಡನಿಗೆ ಮೊದಲೇ ಹೇಳಿರಲಿಲ್ಲ. ಪೆಟ್ರೋಲ್ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನಿನಿಂದ ಬಿಡಿಸಿದಳಂತೆ. ಎಲ್ಲಿಗೆ ಅಂದರೆ ತವರಿಗೆ, ನೋಡಿ!

ಈಗ ಎದ್ದು ಬೀರು ತೆಗೆಯಿರಿ. ಲೈಸೆನ್ಸಿನ ಅವಧಿ ನೋಡಿ. ಮುಗಿದು ವರ್ಷದೊಳಗಾಗಿದ್ದರೆ ಪರೀಕ್ಷೆಯಿಲ್ಲದೆ ನವೀಕರಿಸಬಹುದು; ವರ್ಷ ದಾಟಿದರೆ ಮತ್ತೆ ಓಡಿಸಿ ತೋರಿಸಬೇಕು. ಹೊಸದಾಗಿ ಮಾಡಿಸುವವರು ಮೊದಲು ಎಲ್‌ಎಲ್ ಪಡೆಯಬೇಕು. ಅದು ಆರು ತಿಂಗಳು ನಡೆಯುತ್ತದೆ, 30 ದಿನ ಕಳೆದ ಮೇಲೆ ಪರೀಕ್ಷೆಗೆ ಹೋಗಬಹುದು. ಅಲ್ಲಿಯವರೆಗೆ ಮುಂದೆ ಹಿಂದೆ ಕೆಂಪು ‘ಎಲ್’ ಬೋರ್ಡು, ಪಕ್ಕದಲ್ಲಿ ಲೈಸೆನ್ಸ್ ಇರುವವರು ಇರಲೇಬೇಕು. ನಲವತ್ತು ದಾಟಿದವರಿಗೆ ವೈದ್ಯರ ಪ್ರಮಾಣಪತ್ರ ಬೇಕು.

ಹುಟ್ಟುಹಬ್ಬದ ದಿನ ಕೇಕನ್ನು ಸೀಟಿನ ಮೇಲೆ ಇಡಲಿಲ್ಲ, ಸೀಟು ಹಿಂದಕ್ಕೆ ವಾಲಿರುತ್ತದೆ. ಡಿಕ್ಕಿಯ ಸಮತಟ್ಟು ಜಾಗದಲ್ಲಿ, ಅಡುಗೆಮನೆ ಡ್ರಾಯರಿಗೆ ಹಾಸುವ ಜಾರದ ರಬ್ಬರ್ ಹಾಸಿನ ಮೇಲೆ ಇಟ್ಟೆ. ಗೊಂಬೆಗಳು ಬೇರೆ ಡಬ್ಬಿಯಲ್ಲಿ. ಅದನ್ನು ನಾನೇ ಹಿಡ್ಕೊಳ್ತೀನಿ ಅಂದರು ಅತ್ತೆ. ಮುಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು, ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು, ದಾರಿಯುದ್ದಕ್ಕೂ ತುಟಿ ಪಿಟಿಪಿಟಿ ಅನ್ನಿಸುತ್ತಾ ಕೂತಿದ್ದರು. ವಿಷ್ಣು ಸಹಸ್ರನಾಮ ಇರಬೇಕು ಅಂದುಕೊಂಡೆ. ಚಾಮರಾಜಪೇಟೆ ದಾಟುವಾಗ ಕಿವಿಗೊಟ್ಟು ಕೇಳಿದರೆ, ‘ಮುಂದೆ ಹಂಪಿದೆ ಕಣಮ್ಮ, ಸೆಕೆಂಡ್ ಹಾಕು’ ಅನ್ನುತ್ತಿದ್ದರು.

ನಾದಿನಿ ಮನೆಯಲ್ಲಿ ಡಬ್ಬಿ ತೆರೆದಾಗ ಹುಲಿಯ ಒಂದು ಕಿವಿ ಬಿದ್ದಿತ್ತು. ಅತ್ತೆ ಅದನ್ನು ಎತ್ತಿ ಬಾಯಿಗೆ ಹಾಕಿಕೊಂಡು, ‘ಸಿಹಿ ಜಾಸ್ತಿಯಾಯ್ತು’ ಅಂದರು.