ತಾತ ಅಂಕ ಕೇಳಲಿಲ್ಲ

ಬೇಸಿಗೆ ರಜೆಯಲ್ಲಿ ಅಜ್ಜಿ-ತಾತನ ಮನೆಗೆ ಹೋಗುವುದೆಂದರೆ ಮಕ್ಕಳಿಗೆ ಹಬ್ಬ. ಉಪ್ಪು-ಖಾರ ಹಚ್ಚಿದ ಮಾವಿನಕಾಯಿ, ಮಧ್ಯಾಹ್ನದ ಚೌಕಾಬಾರ, ರಾತ್ರಿ ಬಯಲಲ್ಲಿ ಚಾಪೆ ಹಾಸಿ ಮಲಗುವ ಸುಖ. ಆದರೆ ಹದಿನಾರರ ಹುಡುಗನನ್ನು ‘ಅಲ್ಲಿಗೆ ಹೋಗಿ ಬುದ್ಧಿ ಕಲಿತು ಬಾ’ ಎಂದು ಅಟ್ಟಿದರೆ ಅದೇ ಮನೆ ಜೈಲಿನಂತೆ ಕಾಣುತ್ತದೆ.

ಅಂಥ ಒಬ್ಬ ಹುಡುಗನನ್ನು ಊಹಿಸಿಕೊಳ್ಳಿ. ಹೆಸರು ಯಾವುದಾದರೂ ಇರಲಿ, ಇಂಥವರು ಪ್ರತಿ ಬೀದಿಯಲ್ಲೂ ಇದ್ದಾರೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೋಗಿದೆ. ಫಲಿತಾಂಶ ಬಂದ ದಿನ ಅಪ್ಪ ಕೂಗಾಡಿದರು, ಮರುದಿನದಿಂದ ಮಾತನ್ನೇ ಬಿಟ್ಟರು. ಹುಡುಗನೂ ಬಾಯಿ ಹೊಲಿದುಕೊಂಡ. ಮರುಪರೀಕ್ಷೆಗೆ ಅರ್ಜಿ ಹಾಕು ಎಂದರೆ ಬಾಗಿಲು ಹಾಕಿಕೊಳ್ಳುತ್ತಾನೆ. ಕೊನೆಗೆ ಅಮ್ಮ ಬಟ್ಟೆ ತುಂಬಿಸಿ ಬೆಂಗಳೂರಿನಿಂದ ರೈಲು ಹತ್ತಿಸಿದರು.

ಬಂಗಾರಪೇಟೆ ನಿಲ್ದಾಣದಲ್ಲಿ ತಾತ ಕಾಯುತ್ತಿದ್ದರು. ಹುಡುಗ ಬೈಗುಳಕ್ಕೆ ಸಿದ್ಧನಾಗಿಯೇ ಇಳಿದ. ತಾತ ಚೀಲ ಇಸಿದುಕೊಂಡು, “ಬಾರೋ, ಮೊದಲು ಪಾನಿಪೂರಿ ತಿನ್ನೋಣ. ಇಲ್ಲಿ ನೀರು ಬಣ್ಣವಿಲ್ಲದೆ ತಿಳಿಯಾಗಿರುತ್ತೆ. ನೀರೇ ತಾನೇ ಅಂತ ಏಮಾರಬೇಡ, ಕಣ್ಣಲ್ಲಿ ನೀರು ಬರ್‍ತದೆ” ಎಂದರು. ಅಂಕದ ಮಾತು ಬರಲೇ ಇಲ್ಲ. ಮಾರಿಕುಪ್ಪಂ ರೈಲಿನಲ್ಲೂ ಬರಲಿಲ್ಲ.

ತಾತನದು ಕೋಲಾರ ಚಿನ್ನದ ಗಣಿಯ ಕಾರ್ಮಿಕರ ಲೈನ್ ಮನೆ. ಸಣ್ಣದು, ಬಾಗಿಲು ಹಾಕಿಕೊಂಡು ಕೂರಲು ಬೇರೆ ಕೋಣೆಯೇ ಇಲ್ಲ. ಗಾಳಿ ಎದ್ದರೆ ಸೈನೈಡ್ ಗುಡ್ಡದ ದೂಳು ಒಳಗೆ ಬರುತ್ತದೆ. ಅಜ್ಜಿ ದಿನಾ ಮುದ್ದೆ ಬಡಿಸಿದರು, ನೀರು ತರಲು ಕಳಿಸಿದರು. ಪಕ್ಕದ ಮನೆಯವರು “ಎಷ್ಟು ಪರ್ಸೆಂಟ್?” ಎಂದು ಕೇಳಿದಾಗ ಹುಡುಗನ ಮುಖ ಕಪ್ಪಿಟ್ಟಿತು. ತಾತ ಅಡ್ಡ ಬಂದು, “ನನ್ನ ಮೊಮ್ಮಗ. ನಮ್ಮನ್ನು ನೋಡೋಕೆ ಬಂದಿದ್ದಾನೆ” ಎಂದರು. ಅಷ್ಟೇ.

ಎಂಟು ದಿನ ಹೀಗೇ ಕಳೆಯಿತು. ಒಂಬತ್ತನೆಯ ದಿನ ನಸುಕಿನಲ್ಲಿ, ನಿದ್ದೆ ಬಾರದೆ ಹೊರಳಾಡುತ್ತಿದ್ದ ಹುಡುಗನನ್ನು ತಾತ ನಿಲ್ದಾಣಕ್ಕೆ ಕರೆದುಕೊಂಡು ಹೋದರು. ಕತ್ತಲಲ್ಲೇ ಜನ ಊಟದ ಡಬ್ಬಿ ಹಿಡಿದು ಬೆಂಗಳೂರು ರೈಲಿಗೆ ನುಗ್ಗುತ್ತಿದ್ದರು.

“ಈ ರೈಲಲ್ಲಿ ನಾನು ಹದಿಮೂರು ವರ್ಷ ಓಡಾಡಿದೆ, ವಾಚ್‌ಮನ್ ಕೆಲಸಕ್ಕೆ” ಎಂದರು ತಾತ.

ಹುಡುಗನಿಗೆ ಇದು ಹೊಸ ಸುದ್ದಿ. ಅವನ ಪಾಲಿಗೆ ತಾತ ಚಿನ್ನ ತೆಗೆದವರು. ಶಿವನಸಮುದ್ರದಿಂದ 1902ರಲ್ಲೇ ವಿದ್ಯುತ್ ತರಿಸಿಕೊಂಡ ಗಣಿ, ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್: ಇದನ್ನೆಲ್ಲ ಅವನು ಶಾಲೆಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದ. ಗಣಿ 2001ರ ಫೆಬ್ರುವರಿ 28ರಂದು ಮುಚ್ಚಿತೆಂದೂ ಗೊತ್ತಿತ್ತು. ಅದರ ಮಾರನೆಯ ದಿನ ಏನಾಯಿತೆಂದು ಮಾತ್ರ ಕೇಳಿರಲಿಲ್ಲ.

“ಮಾರನೇ ದಿನ ಏನು ಮಾಡಿದೆ ತಾತಾ?”

“ಏನೂ ಮಾಡಲಿಲ್ಲ. ಮೂರು ತಿಂಗಳು ಗೋಡೆ ನೋಡುತ್ತ ಕೂತೆ. ಯಾರ ಹತ್ತಿರವೂ ಮಾತಾಡಲಿಲ್ಲ. ನಿಮ್ಮಜ್ಜಿ ಹೊತ್ತಿಗೆ ಸರಿಯಾಗಿ ಅನ್ನ ಹಾಕಿದಳು, ಒಂದು ದಿನವೂ ಚುಚ್ಚಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ನಾನೇ ಎದ್ದು ಈ ರೈಲು ಹತ್ತಿದೆ.”

ಸ್ವಲ್ಪ ಹೊತ್ತು ಬಿಟ್ಟು ತಾತ ಇನ್ನೊಂದು ಮಾತು ಸೇರಿಸಿದರು. “ನಿಮ್ಮಪ್ಪ ಆಗ ಪಿಯುಸಿ ಓದುತ್ತಿದ್ದ. ನಾನು ಕೂತಿದ್ದನ್ನು ನೋಡಿ ಹೆದರಿಬಿಟ್ಟ. ನಿನ್ನ ಮೇಲೆ ಕೂಗಾಡಿದನಲ್ಲ, ಅದು ಸಿಟ್ಟಲ್ಲ ಮಗಾ. ಅವತ್ತಿನ ಹೆದರಿಕೆ ಇನ್ನೂ ಹೋಗಿಲ್ಲ.”

ಆ ದಿನ ಸಂಜೆ ಹುಡುಗ ತಾನಾಗಿಯೇ ಅಪ್ಪನಿಗೆ ಫೋನ್ ಮಾಡಿದ. ಗಣಿತದ ಪುಸ್ತಕ ಕಳಿಸಲು ಹೇಳಿದ. ಆ ಕಡೆ ಅಪ್ಪನಿಗೂ ಮಾತು ಹೊರಡಲಿಲ್ಲ. “ಕಳಿಸೋದು ಯಾಕೆ, ಭಾನುವಾರ ನಾನೇ ತಂದುಕೊಡ್ತೀನಿ” ಎಂದರು.

ತಂದೆ-ತಾಯಿಯರು ಇಲ್ಲಿ ಗಮನಿಸಬೇಕಾದದ್ದಿದೆ. ತಾತ ಆ ಹುಡುಗನಿಗೆ ಉಪದೇಶ ಮಾಡಲಿಲ್ಲ. ಅವರು ಕೊಟ್ಟದ್ದು ಎರಡು: ಪ್ರಶ್ನೆಗಳಿಲ್ಲದ ಎಂಟು ದಿನ, ಮತ್ತು ತಮ್ಮದೇ ಸೋಲಿನ ಕಥೆ. ನಾವು ಮಕ್ಕಳಿಗೆ ಗೆದ್ದ ಕಥೆಗಳನ್ನಷ್ಟೇ ಹೇಳುತ್ತೇವೆ. ಹಾಗಾಗಿ ಮನೆಯಲ್ಲಿ ಸೋತವನು ತಾನೊಬ್ಬನೇ ಎಂದು ಮಗು ತಿಳಿಯುತ್ತದೆ. ಅಪ್ಪ-ಅಮ್ಮನಿಗೆ ಆ ಕಥೆ ಹೇಳಲು ಸಂಕೋಚ. ಕಳೆದುಕೊಳ್ಳುವುದು ಏನೂ ಉಳಿದಿಲ್ಲದ ಅಜ್ಜಿ-ತಾತಂದಿರಿಗೆ ಆ ಸಂಕೋಚವಿಲ್ಲ. ಮಗುವನ್ನು ಅವರ ಬಳಿ ಕಳಿಸುವುದಾದರೆ ಶಿಕ್ಷೆಯೆಂದು ಕಳಿಸಬೇಡಿ.

ಎಲ್ಲವನ್ನೂ ಹಿರಿಯರ ತಲೆಗೆ ಕಟ್ಟುವಂತೆಯೂ ಇಲ್ಲ. ಎರಡು ವಾರ ಕಳೆದರೂ ಊಟ-ನಿದ್ದೆ ಸರಿಹೋಗದಿದ್ದರೆ ವೈದ್ಯರನ್ನು ಕಾಣಬೇಕು. ಬದುಕಿ ಏನು ಪ್ರಯೋಜನ ಎಂಬ ಮಾತು ಬಂದರಂತೂ ಒಂದು ದಿನವೂ ಕಾಯಬಾರದು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲೂ ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡುತ್ತಾರೆ.

ವಿದ್ಯಾರ್ಥಿಗಳಿಗೂ ಒಂದು ಮಾತು. ಕರ್ನಾಟಕದಲ್ಲಿ 2024ರಿಂದ ಎಸ್ಸೆಸ್ಸೆಲ್ಸಿಯವರಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯುವ ಅವಕಾಶವಿದೆ. ತಾತನಿಗೆ ಗಣಿ ಮತ್ತೆ ತೆರೆಯಲಿಲ್ಲ. ನಿಮಗೆ ಪರೀಕ್ಷೆಯ ಕೋಣೆ ಮತ್ತೆ ತೆರೆಯುತ್ತದೆ.

ಹುಡುಗ ಗಣಿತದಲ್ಲಿ ಪಾಸಾದನೇ ಎಂದು ಕೇಳುತ್ತೀರಾ? ತಾತ ಈಗಲೂ ಅದನ್ನು ಕೇಳುವುದಿಲ್ಲ. ಮುಂದಿನ ಬೇಸಿಗೆಗೆ ಯಾವಾಗ ಬರುತ್ತಾನೆಂದು ಮಾತ್ರ ಕೇಳುತ್ತಾರೆ.