ತರಗತಿಯ ಬಾಗಿಲು ತೆರೆಯಲಿ, ಮೇಷ್ಟ್ರು ತಾವೇ ಬೆಳೆಯುತ್ತಾರೆ

'ಪಾಠ ಮಾಡೋದು ಹುಟ್ಟಿನಿಂದ ಬರಬೇಕು. ಕೆಲವರಿಗೆ ಬರುತ್ತೆ, ಕೆಲವರಿಗೆ ಬರಲ್ಲ.' ಅರಳಿಕಟ್ಟೆಯಿಂದ ಹಿಡಿದು ಬಿಇಒ ಕಚೇರಿಯವರೆಗೆ ಈ ಮಾತು ಕೇಳಿದ್ದೇವೆ. ನಾವು ಇದನ್ನು ಒಪ್ಪುವುದಿಲ್ಲ. ಮಗ್ಗದ ಮುಂದೆ ಕೂತ ಮೊದಲ ದಿನವೇ ಯಾರೂ ಸೀರೆ ನೇಯ್ದಿಲ್ಲ. ಪಾಠ ಹೇಳುವುದೂ ಕಲಿತು ಬರುವ ಕೆಲಸವೇ. ಆ ಕಲಿಕೆಗೆ ನಮ್ಮ ವ್ಯವಸ್ಥೆ ದಾರಿ ಮಾಡಿಕೊಟ್ಟಿಲ್ಲ ಎನ್ನುವುದೇ ನಮ್ಮ ತಕರಾರು.

ಇದು ಸಣ್ಣ ವಿಷಯವಲ್ಲ. ಅಸರ್ ವರದಿಗಳ ಪ್ರಕಾರ ಗ್ರಾಮೀಣ ಭಾರತದ 5ನೇ ತರಗತಿ ಮಕ್ಕಳಲ್ಲಿ 2ನೇ ತರಗತಿಯ ಪಾಠ ಓದಬಲ್ಲವರು 2022ರಲ್ಲಿ ಶೇ. 42.8, 2024ರಲ್ಲಿ ಶೇ. 48.8. ಅಂದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಐದು ವರ್ಷ ಶಾಲೆಗೆ ಹೋದ ಮೇಲೂ ಸರಾಗವಾಗಿ ಓದಲು ಬರುವುದಿಲ್ಲ. ಈ ಅಂಕಿ ಬಂದಾಗಲೆಲ್ಲ ಒಂದು ಗುಂಪು ಮೇಷ್ಟ್ರ ಸಂಬಳ ಎಣಿಸುತ್ತದೆ, ಇನ್ನೊಂದು ಗುಂಪು ಸ್ಮಾರ್ಟ್ ಬೋರ್ಡ್ ಉದ್ಘಾಟನೆಗೆ ರಿಬ್ಬನ್ ತರುತ್ತದೆ. ಆ ನಲವತ್ತು ನಿಮಿಷದ ಪಾಠದೊಳಗೆ ಏನು ನಡೆಯುತ್ತಿದೆ ಅಂತ ಇಬ್ಬರೂ ಕೇಳುವುದಿಲ್ಲ.

ಏನು ನಡೆಯುತ್ತದೆ, ಹೇಳುತ್ತೇವೆ. ಮೇಷ್ಟ್ರು ಪಾಠ ಓದುತ್ತಾರೆ, ವಿವರಿಸುತ್ತಾರೆ. ಕೊನೆಗೆ 'ಅರ್ಥ ಆಯ್ತಾ ಮಕ್ಕಳೇ?' ಅನ್ನುತ್ತಾರೆ. 'ಆಯ್ತು ಸಾರ್' ಅಂತ ಇಡೀ ಕೊಠಡಿ ಒಂದೇ ರಾಗದಲ್ಲಿ ಕೂಗುತ್ತದೆ. ಯಾರಿಗೆ ಅರ್ಥ ಆಯಿತು, ಯಾರಿಗೆ ಆಗಲಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಪ್ರಶ್ನೆ ಕೇಳಿದರೆ ಮುಂದಿನ ಸಾಲಿನ ಅದೇ ಮೂರು ಮಕ್ಕಳು ಕೈ ಎತ್ತುತ್ತಾರೆ. ಹಿಂದೆ ಕೂತವರು ಬೋರ್ಡ್ ಮೇಲಿನ ಉತ್ತರ ಬರೆದುಕೊಂಡು ಮನೆಗೆ ಹೋಗುತ್ತಾರೆ. ಎಲ್ಲ ಶಾಲೆಯೂ ಹೀಗಿಲ್ಲ. ಆದರೆ ಇದನ್ನು ಓದುತ್ತಿರುವ ಬಹಳ ಜನ ಕಲಿತದ್ದು ಹೀಗೆಯೇ, ಅಲ್ಲವೇ?

ಇಲಾಖೆಯ ಬಳಿ ಇದಕ್ಕೆ ಇರುವ ಔಷಧ ಒಂದೇ, ತರಬೇತಿ. ಮೇಲೆ ರಾಜ್ಯ ಮಟ್ಟದಲ್ಲಿ ಸಂಪನ್ಮೂಲ ವ್ಯಕ್ತಿಗಳಿಗೆ ಹೇಳುತ್ತಾರೆ. ಅವರು ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ ಹೇಳುತ್ತಾರೆ. ಕಾಲುವೆಯ ನೀರು ಕೊನೆಯ ಹೊಲಕ್ಕೆ ಎಷ್ಟು ಮುಟ್ಟುತ್ತದೆ ಅಂತ ರೈತರಿಗೆ ನಾವು ಹೇಳಿಕೊಡಬೇಕಾಗಿಲ್ಲ. ಬಿಆರ್‌ಸಿ ಕಟ್ಟಡದಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಕುರ್ಚಿಯಲ್ಲಿ ಕೂರಿಸಿ, 'ಮಕ್ಕಳನ್ನು ಸುಮ್ಮನೆ ಕೂರಿಸಿ ಭಾಷಣ ಮಾಡಬೇಡಿ' ಎಂದು ಭಾಷಣ ಮಾಡಿದರೆ ಮೇಷ್ಟ್ರು ಏನು ಕಲಿಯಬೇಕು?

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಬೆಳವಣಿಗೆಗೆ ಕೊಡಬೇಕು ಎನ್ನುತ್ತದೆ. ದೀಕ್ಷಾ ಆ್ಯಪ್‌ನಲ್ಲಿ ಕೋರ್ಸ್ ಮುಗಿಸಿದರೆ ಪ್ರಮಾಣಪತ್ರವೂ ಬರುತ್ತದೆ. ಗಂಟೆ ಎಣಿಸುವುದು ಸುಲಭ. ಪಾಠ ಬದಲಾಯಿತೇ ಎಂದು ನೋಡಬೇಕಾದರೆ ತರಗತಿಯೊಳಗೆ ಹೋಗಿ ಕೂರಬೇಕು.

ಅದಕ್ಕೇ ನಾವು ಹೇಳುವುದು: ಮೇಷ್ಟ್ರು ಬೆಳೆಯುವುದು ಇನ್ನೊಬ್ಬ ಮೇಷ್ಟ್ರ ಪಾಠ ನೋಡಿ, ತಮ್ಮ ಪಾಠವನ್ನು ಇನ್ನೊಬ್ಬರಿಗೆ ತೋರಿಸಿ. ಜಪಾನಿನ ಶಿಕ್ಷಕರು ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಇದನ್ನು ಮಾಡಿಕೊಂಡು ಬಂದಿದ್ದಾರೆ. ನಾಲ್ಕೈದು ಜನ ಕೂತು ಒಂದು ಪಾಠವನ್ನು ಸೇರಿ ಯೋಜಿಸುತ್ತಾರೆ. ಒಬ್ಬರು ಪಾಠ ಮಾಡುತ್ತಾರೆ. ಉಳಿದವರು ಮಕ್ಕಳನ್ನು ನೋಡುತ್ತಾರೆ: ಯಾವ ಮಗು ಎಲ್ಲಿ ತಡವರಿಸಿತು, ಯಾವ ಪ್ರಶ್ನೆಗೆ ಮುಖ ಅರಳಿತು. ಆಮೇಲೆ ಕೂತು ಚರ್ಚಿಸಿ ಪಾಠವನ್ನು ತಿದ್ದುತ್ತಾರೆ. ಅವರು ತೂಗುವುದು ಪಾಠವನ್ನು, ಮೇಷ್ಟ್ರನ್ನಲ್ಲ.

'ಅದೆಲ್ಲ ಜಪಾನಿಗೆ ಸರಿ' ಅನ್ನುವವರು ಹೆಗ್ಗಡದೇವನಕೋಟೆಯ ಕಡೆ ನೋಡಲಿ. ನಲಿ-ಕಲಿ ಹುಟ್ಟಿದ್ದು ಅಲ್ಲಿ, 1995ರ ಸುಮಾರಿಗೆ. ಯುನಿಸೆಫ್ ನೆರವಿತ್ತು ನಿಜ, ಆದರೆ ಕೆಲಸ ಮಾಡಿದ್ದು ಸರ್ಕಾರಿ ಶಾಲೆಯ ಶಿಕ್ಷಕರು. ಅವರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಪಾಠ ಕಣ್ಣಾರೆ ಕಂಡರು. ಬಂದು ತಮ್ಮ ಮಕ್ಕಳಿಗೆ ತಕ್ಕ ಕಾರ್ಡು, ಕಲಿಕಾ ಏಣಿ ಮಾಡಿಕೊಂಡರು. ಮಕ್ಕಳು ನೆಲದ ಮೇಲೆ ಗುಂಪಾಗಿ ಕೂತರು. ಒಂದು ಗುಂಪಿಗೆ ಮೇಷ್ಟ್ರ ನೆರವು, ಒಂದಕ್ಕೆ ಗೆಳೆಯರ ನೆರವು, ಒಂದು ಗುಂಪು ತಾನೇ ಕಲಿಯುತ್ತದೆ. 2009-10ರಲ್ಲಿ ಅದು ರಾಜ್ಯದ ಶಾಲೆಗಳಿಗೆಲ್ಲ ಹೋಯಿತು. ಕಾರ್ಡು ಹೋಯಿತು, ತಟ್ಟೆ ಹೋಯಿತು, ಏಣಿಯ ಚಿತ್ರ ಗೋಡೆಗೆ ಬಂತು. ಆದರೆ ನೋಡಿ, ಚರ್ಚಿಸಿ, ತಿದ್ದಿಕೊಳ್ಳುವ ಆ ಶಿಕ್ಷಕರ ಅಭ್ಯಾಸ ಜೊತೆಗೆ ಹೋಗಲಿಲ್ಲ. ಅದಿಲ್ಲದ ಕಡೆ ನಲಿ-ಕಲಿಯೂ ತುಂಬಬೇಕಾದ ಇನ್ನೊಂದು ನಮೂನೆಯಾಗಿ ಉಳಿಯಿತು ಎಂಬುದು ನಮ್ಮ ಅಭಿಪ್ರಾಯ.

ಇನ್ನೊಬ್ಬರು ಪಾಠ ನೋಡಿದರೆ ಏನು ಸಿಗುತ್ತದೆ? ಒಂದು ಸಣ್ಣ ಉದಾಹರಣೆ. ಮೇರಿ ಬಡ್ ರೋ ಎಂಬ ಅಮೆರಿಕದ ಸಂಶೋಧಕಿ ತರಗತಿಗಳ ಧ್ವನಿ ಮುದ್ರಿಸಿ ಕೇಳಿದರು. ಶಿಕ್ಷಕರು ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ 1 ಸೆಕೆಂಡ್. ಅಷ್ಟರಲ್ಲಿ ಉತ್ತರ ಬರದಿದ್ದರೆ ಬೇರೆ ಮಗುವನ್ನು ಕೇಳುತ್ತಿದ್ದರು, ಇಲ್ಲವೇ ತಾವೇ ಹೇಳಿಬಿಡುತ್ತಿದ್ದರು. ಆ ಕಾಯುವಿಕೆಯನ್ನು 3 ಸೆಕೆಂಡಿಗೆ ಏರಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನಿರುತ್ತಿದ್ದ ಮಕ್ಕಳೂ ಬಾಯಿ ಬಿಟ್ಟರು. ಇದಕ್ಕೆ ಅನುದಾನ ಬೇಡ, ಸ್ಮಾರ್ಟ್ ಬೋರ್ಡ್ ಬೇಡ. ಆದರೆ ತಾನು ಒಂದೇ ಸೆಕೆಂಡ್ ಕಾಯುತ್ತಿದ್ದೇನೆ ಅಂತ ಪಾಠ ಮಾಡುವವರಿಗೆ ಗೊತ್ತಾಗುವುದಿಲ್ಲ. ಹಿಂದೆ ಕೂತು ನೋಡುವವರಿಗೆ ಗೊತ್ತಾಗುತ್ತದೆ. ಯಾರೂ ಸಿಗದಿದ್ದರೆ ಮೊಬೈಲಿನಲ್ಲಿ ಹತ್ತು ನಿಮಿಷ ತಮ್ಮ ಧ್ವನಿ ಮುದ್ರಿಸಿ ಸಂಜೆ ಕೇಳಿಕೊಳ್ಳಬಹುದು. ಕೇಳಿ ಅಳಿಸಿಬಿಡಲಿ. ವಾಟ್ಸ್ಆ್ಯಪ್ ಸ್ಟೇಟಸ್‌ಗೆ ಹಾಕಲು ಅಲ್ಲ ಅದು.

ಇನ್ನೊಂದು ಉದಾಹರಣೆ ಭಿನ್ನರಾಶಿ. ಪುಸ್ತಕದಲ್ಲಿ ವೃತ್ತ ಬರೆದು ಕಾಲು ಭಾಗಕ್ಕೆ ಬಣ್ಣ ತುಂಬಿರುತ್ತಾರೆ. ನಮ್ಮ ಮಕ್ಕಳಿಗೆ ಎಕರೆಗೆ 40 ಗುಂಟೆ ಅಂತ ಗೊತ್ತು. ಅರ್ಧ ಎಕರೆ 20 ಗುಂಟೆ, ಕಾಲು ಎಕರೆ 10 ಗುಂಟೆ, ಮುಕ್ಕಾಲು ಎಕರೆ 30. ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬರುವ ಹುಡುಗಿಗೆ 3.5 ಫ್ಯಾಟಿಗೂ 4.1 ಫ್ಯಾಟಿಗೂ ಇರುವ ವ್ಯತ್ಯಾಸ ಗೊತ್ತು, ದುಡ್ಡಿನ ಲೆಕ್ಕದಲ್ಲೇ ಗೊತ್ತು. ಅದೇ ಹುಡುಗಿ ದಶಮಾಂಶದ ಪಾಠದಲ್ಲಿ ತಲೆ ತಗ್ಗಿಸಿ ಕೂರುತ್ತಾಳೆ. ಒಂದು ಶಾಲೆಯ ಮೇಷ್ಟ್ರು ಡೇರಿ ಚೀಟಿ ಹಿಡಿದು ದಶಮಾಂಶ ಕಲಿಸಿದರೆ ಆ ಉಪಾಯ ಪಕ್ಕದ ಊರಿನ ಶಾಲೆಗೆ ಹೋಗುವ ದಾರಿ ಯಾವುದು? ಈಗ ಇಲ್ಲ. ಅವರು ವರ್ಗವಾಗಿ ಹೋದರೆ ಉಪಾಯವೂ ಅವರ ಜೊತೆ ಹೋಗುತ್ತದೆ.

ಭಾಷೆಯ ವಿಷಯವೂ ಇದೇ. ತಾಂಡಾದ ಮಗು ಮನೆಯಲ್ಲಿ ಲಂಬಾಣಿ ಆಡುತ್ತದೆ. ಪಾವಗಡ, ಬಾಗೇಪಲ್ಲಿ ಕಡೆ ಮನೆಯ ಮಾತು ತೆಲುಗು. ಒಂದನೇ ತರಗತಿಗೆ ಬಂದ ಆ ಮಗು ಸುಮ್ಮನಿದ್ದರೆ 'ದಡ್ಡ' ಅನ್ನುವುದು ಸುಲಭ. ಆ ಮಗುವಿನ ಮನೆಮಾತಿನ ಹತ್ತು ಪದ ಕಲಿತು ಅಲ್ಲಿಂದ ಕನ್ನಡಕ್ಕೆ ಕೈಹಿಡಿದು ಕರೆತರುವ ಮೇಡಂಗಳು ನಮ್ಮಲ್ಲಿದ್ದಾರೆ. ಅವರ ತರಗತಿಯಲ್ಲಿ ಒಂದು ದಿನ ಕೂರುವುದು ಯಾವ ಕೈಪಿಡಿಗಿಂತಲೂ ಮೇಲು.

'ಸಮಯ ಎಲ್ಲಿದೆ?' ಎಂದು ಶಿಕ್ಷಕರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಕಾನೂನಿನ ಲೆಕ್ಕದಲ್ಲೇ 60 ಮಕ್ಕಳವರೆಗಿನ ಕಿರಿಯ ಶಾಲೆಗೆ ಇಬ್ಬರು ಶಿಕ್ಷಕರು, ಐದು ತರಗತಿ. ಜೊತೆಗೆ ಬಿಸಿಯೂಟದ ಲೆಕ್ಕ, ಹಾಲು, ಮೊಟ್ಟೆ, ಆನ್‌ಲೈನ್ ಮಾಹಿತಿ, ಮತದಾರರ ಪಟ್ಟಿ. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಅದನ್ನು ಪಾಲಿಸಿದರೆ ಸಮಯ ತಾನಾಗಿ ಹುಟ್ಟುತ್ತದೆ. ಇನ್ನು ಸಿಆರ್‌ಪಿಗಳು. ಶಾಲೆಗೆ ಬಂದು ಪಾಠಕ್ಕೆ ಹೆಗಲು ಕೊಡಬೇಕಾದವರು ಅವರು. ಅವರನ್ನು ಅಂಕಿಅಂಶ ಹೊರುವ ಟಪಾಲು ಮಾಡಿದ್ದು ಇಲಾಖೆ.

ಆದರೆ ಶಿಕ್ಷಕರಿಗೂ ಒಂದು ಮಾತು. ಸಮಯ ಸಿಕ್ಕರೂ ಬಾಗಿಲು ಮುಚ್ಚಿಯೇ ಇಡುವವರಿದ್ದಾರೆ. 'ನನ್ನ ಪಾಠ ನೋಡೋಕೆ ಇವರ್ಯಾರು?' ಎನ್ನುವ ಬಿಗುಮಾನ. ನೋಡುವುದು ಎಂದರೆ ತಪ್ಪು ಹಿಡಿಯುವುದು ಎಂದು ವರ್ಷಗಟ್ಟಲೆ ತಪಾಸಣೆ ಅವರಿಗೆ ಕಲಿಸಿದೆ, ಅದು ನಮಗೆ ಅರ್ಥವಾಗುತ್ತದೆ. ಆದರೆ ಪತ್ರಿಕೆಯಲ್ಲಿ ಬರೆಯುವ ನಮ್ಮ ಪ್ರತಿ ಸಾಲನ್ನೂ ಇನ್ನೊಬ್ಬರು ತಿದ್ದುತ್ತಾರೆ. ಅದರಿಂದ ನಮ್ಮ ಮರ್ಯಾದೆ ಹೋಗಿಲ್ಲ.

ನಮ್ಮ ಬೇಡಿಕೆ ಇಷ್ಟೇ. ಪ್ರತಿ ಕ್ಲಸ್ಟರ್‌ನಲ್ಲಿ ತಿಂಗಳಿಗೆ ಒಂದು ದಿನ ಸಮಾಲೋಚನಾ ಸಭೆ ಸುತ್ತೋಲೆ ಓದುವ ಬದಲು ಒಂದು ಶಾಲೆಯ ನಿಜವಾದ ತರಗತಿಯಲ್ಲಿ ನಡೆಯಲಿ. ಒಬ್ಬರು ಪಾಠ ಮಾಡಲಿ, ಉಳಿದವರು ಮಕ್ಕಳನ್ನು ನೋಡಲಿ, ಆಮೇಲೆ ಮಾತಾಡಲಿ. ಅಲ್ಲಿ ಕಂಡದ್ದು ಯಾರ ಸೇವಾ ಪುಸ್ತಕಕ್ಕೂ ಹೋಗಬಾರದು. ಅತಿಥಿ ಶಿಕ್ಷಕರನ್ನೂ ಸೇರಿಸಿಕೊಳ್ಳಲಿ, ಅವರ ಗೌರವಧನ ಕತ್ತರಿಸದೆ. ಎಷ್ಟೋ ಊರಲ್ಲಿ ಶಾಲೆ ನಡೆಯುತ್ತಿರುವುದೇ ಅವರಿಂದ.

ಊರಿನವರಿಗೂ ಕೆಲಸವಿದೆ. ಎಸ್‌ಡಿಎಂಸಿ ಸಭೆಯಲ್ಲಿ ಕಾಂಪೌಂಡು, ಶೌಚಾಲಯ, ಬಣ್ಣದ ಮಾತು ಮುಗಿದ ಮೇಲೆ ಒಂದು ಪ್ರಶ್ನೆ ಕೇಳಿ: 'ಮೇಷ್ಟ್ರೇ, ಈ ತಿಂಗಳು ಹೊಸದಾಗಿ ಏನು ಪ್ರಯತ್ನ ಮಾಡಿದ್ರಿ? ನಮ್ಮಿಂದ ಏನು ಬೇಕು?' ದಬಾಯಿಸಿ ಕೇಳಬೇಡಿ, ಗೌರವದಿಂದ ಕೇಳಿ. ಕೇಳಿ, ಉತ್ತರಕ್ಕೆ ನೀವೂ ಮೂರು ಸೆಕೆಂಡ್ ಕಾಯಿರಿ.