ಹಳೆಯ ಕಂಪ್ಯೂಟರನ್ನು ಮೂಲೆಗೆ ಹಾಕಬೇಡಿ

ರೈತ ಬಾಂಧವರೇ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಲವು ಹಳೆಯ ಯಂತ್ರಗಳಿಗೆ ವಿಂಡೋಸ್ 11 ಹೊಂದುವುದಿಲ್ಲ. ಅಷ್ಟಕ್ಕೇ ಸಾಲ ಮಾಡಿ ಹೊಸದನ್ನು ಕೊಳ್ಳುವುದು ತರವಲ್ಲ.

ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣೆ ವ್ಯವಸ್ಥೆಗೆ ಹಣ ಕೊಡಬೇಕಿಲ್ಲ. ಮನೆಬೀಜದಂತೆ ಇಟ್ಟುಕೊಳ್ಳಬಹುದು, ನೆರೆಯವರಿಗೂ ಹಂಚಬಹುದು. 4 ಜಿಬಿ ರ‍್ಯಾಮ್ ಸಾಕು. ಜಮಾಖರ್ಚು ಬರೆಯಲು ಲಿಬ್ರೆಆಫೀಸ್ ಅದರಲ್ಲೇ ಇದೆ, ಕನ್ನಡದಲ್ಲೂ ಬರೆಯಬಹುದು.

ಹೊಸ ತಳಿಯನ್ನು ಮೊದಲು ಒಂದು ಮಡಿಯಲ್ಲಿ ಬೆಳೆದು ನೋಡುವಿರಲ್ಲವೇ? ಹಾಗೆಯೇ ಇದನ್ನು ಪೆನ್‌ಡ್ರೈವ್‌ನಿಂದಲೇ ನಡೆಸಿ, ಪ್ರಿಂಟರ್, ವೈಫೈ ಕೆಲಸ ಮಾಡುವುವೇ ಎಂದು ಪರೀಕ್ಷಿಸಿ. ವಿಂಡೋಸ್‌ಗೆಂದೇ ಮಾಡಿದ ಕೆಲವು ತಂತ್ರಾಂಶಗಳು ಇದರಲ್ಲಿ ನಡೆಯವು. ಅವನ್ನೇ ನಂಬಿದವರು ಆತುರಪಡಬಾರದು. ಅಳವಡಿಸುವ ಮುನ್ನ ಪಹಣಿ, ಲೆಕ್ಕಪತ್ರ, ಫೋಟೋಗಳ ಪ್ರತಿಯನ್ನು ತಪ್ಪದೇ ಬೇರೆಡೆ ತೆಗೆದಿಡಿ.

ಉಳಿದ ಹಣ ಹೊಲಕ್ಕೆ ಒದಗಲಿ.